ಎರಡು ಗೊರಕೆಗಳ ನಡುವೆ

ಬೆಳಿಗ್ಗೆ ಆರಕ್ಕೆ ಗಂಡನ ಫೋನಿನ ಅಲಾರಂ ಹೊಡೆದುಕೊಂಡಿತು. ಅವಳು ಮಲಗಿದಲ್ಲಿಂದಲೇ ಕೈ ಚಾಚಿ, ಪಕ್ಕದ ದಿಂಬಿನಡಿ ತಡಕಿ, ಅದನ್ನು ನಿಲ್ಲಿಸಿದಳು. ಮೂರು ವರ್ಷದ ಅಭ್ಯಾಸ. ಅಲಾರಂ ಅವನದು, ನಿಲ್ಲಿಸುವ ಕೆಲಸ ಇವಳದು, "ಏಳ್ರೀ" ಎನ್ನುವುದೂ ಇವಳದೇ. ಹೇಳಲು ಬಾಯಿ ತೆರೆದೂ ಆಗಿತ್ತು. ಮುಚ್ಚಿಕೊಂಡಳು.

ಅವನ ಅಂತ್ಯಕ್ರಿಯೆ ಮುಗಿದು ಐದು ದಿನ. ಕೊನೆಯ ನೆಂಟರು ನಿನ್ನೆ ಸಂಜೆ ಹೊರಟಿದ್ದರು. ಇವತ್ತು ಬರುವವರು ಯಾರೂ ಇಲ್ಲ. ಯಾರ ಮುಂದೆಯೂ ಅಳಬೇಕಾಗಿಲ್ಲ, ಅಳು ಬರುತ್ತಿಲ್ಲವಲ್ಲ ಎಂದು ನಾಚಬೇಕಾಗಿಯೂ ಇಲ್ಲ. ಎದ್ದು, ಮುಖ ತೊಳೆದು, ಅಡುಗೆಮನೆಗೆ ಹೋದಳು. ಬಾಗಿಲ ಬಳಿಯ ಗುಂಡಿಯನ್ನು ನೋಡದೆಯೇ ದಾಟಿದಳು.

ಪೈಪ್ ರಿಪೇರಿಗೆಂದು ನಾಲ್ಕು ಟೈಲ್ಸ್ ಕಿತ್ತು ಅಗೆದ ಜಾಗ ಅದು. ಟೈಲ್ಸ್ ಕೆಲಸದವನ ಮನೆ ಬೇರೆ! ಊರಿನವರ ಮನೆಗಳಿಗೆಲ್ಲ ಕನ್ನಡಿಯಂಥ ನೆಲ ಹಾಸಿದವನು ತನ್ನ ಮನೆಯ ನಾಲ್ಕು ಟೈಲ್ಸಿಗೆ ಒಂದು ವರ್ಷದಿಂದ "ಈ ಭಾನುವಾರ" ಎನ್ನುತ್ತಿದ್ದ. ಅತ್ತೆ ಎರಡು ಸಲ ಎಡವಿ, "ನಾನು ಇದರಲ್ಲಿ ಬಿದ್ದು ಹೋದ ಮೇಲೆ ನೀಟಾಗಿ ಮುಚ್ಚು ಕಣೋ" ಎಂದು ಬೈದಿದ್ದರು. ಹೋದ ಭಾನುವಾರ ನಿಜವಾಗಿಯೂ ಹಾಕುವವನಿದ್ದ. ಅದಕ್ಕೆಂದೇ ಜೊತೆಗಾರನಿಂದ, ನೆಲದ ಏರುತಗ್ಗು ನೋಡುವ ರಸಮಟ್ಟ ಕೇಳಿ ತಂದಿದ್ದ. ಅವನ ಸ್ವಂತದ್ದು ಮಹಡಿಯಿಂದ ಬಿದ್ದು ಒಡೆದಿತ್ತು.

ಅತ್ತೆ ಹಜಾರದಲ್ಲಿ ಗೋಡೆಗೊರಗಿ ಕೂತಿದ್ದರು. ಎದುರು ಮನೆಯ ಟೈಲರಮ್ಮ ಹಾಲಿನ ಪಾತ್ರೆ ಹಿಡಿದು ಒಳಗೆ ಬಂದಳು.

"ಕಾಫಿ ನಾನೇ ಮಾಡ್ತೀನಿ, ನೀವು ಏಳ್ಬೇಡಿ," ಎಂದವಳು ಅಡುಗೆಮನೆಗೆ ಹೋಗದೆ ಪಕ್ಕದಲ್ಲೇ ಕುಳಿತಳು. "ಮೂವತ್ತನಾಲ್ಕು ಒಂದು ವಯಸ್ಸಾ? ಹೃದಯ ಅನ್ನೋದು ಹೇಳಿ ಕೇಳಿ ಕೈಕೊಡಲ್ಲ ನೋಡಿ."

"ಮಲಗಿದ್ದ ಹಾಗೇ," ಎಂದರು ಅತ್ತೆ. "ಊಟ ಮಾಡಿ ಮಲಗಿದ. ಹೃದಯ ನಿಂತೋಯ್ತು. ಒಂದು ನರಳಾಟ ಇಲ್ಲ, ಒದ್ದಾಟ ಇಲ್ಲ."

ಐದು ದಿನಗಳಲ್ಲಿ ಈ ಮಾತು ಹೇಳಿ ಹೇಳಿ ನುಣುಪಾಗಿತ್ತು. ಎಲ್ಲೂ ತಡೆಯುತ್ತಿರಲಿಲ್ಲ.

"ಮಟ್ಟದಣ್ಣ ನಿನ್ನೆ ನಮ್ಮ ಅಂಗಡಿ ಮುಂದೆ ನಿಂತು ಅತ್ತೇಬಿಟ್ಟ," ಟೈಲರಮ್ಮ ಮುಂದುವರಿಸಿದಳು. "ಅವನ ರಸಮಟ್ಟ ಇಲ್ಲೇ ಉಳಿದಿದೆಯಂತೆ. ಕೇಳೋಕೆ ಹೇಗಪ್ಪಾ ಹೋಗ್ಲಿ ಅಂತಾನೆ. ಪಾಪ, ಅವನಿಗೂ ಸೊಂಟ ಹಿಡ್ಕೊಂಡಿದೆ. ಅದೇನೋ ಮಾತ್ರೆ ನುಂಗಿ ನುಂಗಿ ಕೆಲಸಕ್ಕೆ ಹೋಗ್ತಾನೆ. ಮಾತಾಡ್ತಾ ಮಾತಾಡ್ತಾ ನಿಂತಲ್ಲೇ ತೂಕಡಿಸ್ತಾನೆ ಅಂದ್ರೆ! ನಾನಂದೆ, ಏನಣ್ಣಾ, ರಾತ್ರಿ ಹೆಂಡತಿ ಮಲಗೋಕೆ ಬಿಡಲ್ವಾ ಅಂತ."

ಅಡುಗೆಮನೆಯಲ್ಲಿ ಅವಳ ಕೈಯ ಲೋಟ ನಿಂತಿತು. ಅತ್ತೆ ಅತ್ತ ನೋಡಿದರು. ನೋಡಿ, ಕಣ್ಣು ಬೇರೆ ಕಡೆ ತಿರುಗಿಸಿದರು.

ಮಟ್ಟದಣ್ಣ ಎಂಬುದು ಗಂಡನ ಆ ಜೊತೆಗಾರನಿಗೆ ಕೆಲಸದವರು ಇಟ್ಟ ಹೆಸರು. ಕಂಡದ್ದರ ಮೇಲೆಲ್ಲ ರಸಮಟ್ಟ ಇಟ್ಟು ನೋಡುವ ಚಟ ಅವನಿಗೆ. ಇವರು ಈ ಮನೆಗೆ ಬಂದ ಹೊಸತರಲ್ಲಿ ಹೊಸ ಮಂಚದ ಮೇಲೂ ಇಟ್ಟು, ಒಂದು ಕಣ್ಣು ಮುಚ್ಚಿ, ಗಾಜಿನೊಳಗಿನ ಗುಳ್ಳೆ ನೋಡಿ, "ದಿಂಬಿನ ಕಡೆ ಎರಡು ನೂಲಿನಷ್ಟು ಇಳಿದಿದೆ. ಟೀಚರಮ್ಮನ ತಲೆಯಲ್ಲಿ ಓದು ಜಾಸ್ತಿ, ಅದರ ಭಾರ," ಎಂದು ನಗಿಸಿದ್ದ. ಹದಿನೆಂಟು ವರ್ಷ ಮೊಣಕಾಲೂರಿ ನೆಲ ಹಾಸಿದವನು. ಇವಳ ಗಂಡನಿಗೆ ಕೆಲಸ ಕಲಿಸಿದವನೂ ಅವನೇ.

ಟೈಲರಮ್ಮ ಹೋದ ಮೇಲೆ ಅವಳು ಮಂಚದ ಕೆಳಗಿನ ಚೀಲ ಎಳೆದಳು. ಕರಣೆ, ರಬ್ಬರ್ ಸುತ್ತಿಗೆ, ನೂಲುಂಡೆ. ಅವುಗಳ ಮೇಲೆ ಕೆಂಪು ಬಣ್ಣದ ಗುರುತು ಬಳಿದ ರಸಮಟ್ಟ. ಅದರ ಬಟ್ಟೆಯ ಗವಸಿನ ಜೇಬಿನಲ್ಲಿ ಒಂದು ಮಾತ್ರೆಯ ಹಾಳೆ. ಆರರಲ್ಲಿ ನಾಲ್ಕು ಉಳಿದಿದ್ದವು. ಗಂಡನ ಫೋನು ತೆಗೆದು ನೋಡಿದಳು. ಮಟ್ಟದಣ್ಣನ ಶನಿವಾರದ ಸಂದೇಶ ಇನ್ನೂ ಅಲ್ಲೇ ಇತ್ತು: "ಮಟ್ಟದ ಜೊತೆ ಆರು ಮಾತ್ರೆ ಇಟ್ಟಿದೀನಿ. ನಮ್ಮಣ್ಣನಿಗೆ ಕ್ಯಾನ್ಸರ್ ಆಸ್ಪತ್ರೆಲಿ ಕೊಟ್ಟಿದ್ದು, ಭಾರಿ ಒಳ್ಳೆ ಮಾತ್ರೆ. ನಾನು ದಿನಾ ತಗೊತೀನಿ. ಆಮೇಲೆ ಯಾವಾಗ್ಲಾದ್ರೂ ವಾಪಸ್ ಕೊಡು."

ಅದರ ಕೆಳಗೆ ಅವಳ ಗಂಡನ ಉತ್ತರ: "ಸರಿ ಅಣ್ಣ. ಎರಡನ್ನೂ ವಾಪಸ್ ಕೊಡ್ತೀನಿ."

*

ಆ ಭಾನುವಾರ ಮಧ್ಯಾಹ್ನ ಅವಳು ಏಳನೇ ತರಗತಿಯ ವಿಜ್ಞಾನದ ಉತ್ತರ ಪತ್ರಿಕೆ ತಿದ್ದುತ್ತಿದ್ದಳು. ವಿಶ್ವವಿದ್ಯಾಲಯದಲ್ಲಿ ಪ್ರಾಣಿಶಾಸ್ತ್ರ ಓದಿ ಬಂದವಳು. ಶ್ವಾಸಕೋಶದ ಚಿತ್ರವನ್ನು ಕಣ್ಣುಮುಚ್ಚಿ ಬರೆಯಬಲ್ಲಳು. ಪ್ರತಿ ವರ್ಷ ಮಕ್ಕಳನ್ನು ಇಬ್ಬಿಬ್ಬರಾಗಿ ಕೂರಿಸಿ, ಒಬ್ಬರ ಉಸಿರನ್ನು ಒಬ್ಬರು ಒಂದು ನಿಮಿಷ ಎಣಿಸುವಂತೆ ಮಾಡುತ್ತಿದ್ದಳು.

ಬೆಳಿಗ್ಗೆ ಅವನು ಸೊಂಟ ಹಿಡಿದುಕೊಂಡು, ಸಿಮೆಂಟಿನ ಚೀಲ ಎತ್ತಲಾರದೆ ಬಿಟ್ಟು, ಮಧ್ಯಾಹ್ನ ಬೇಗನೆ ಊಟ ಮಾಡಿ, "ಸ್ವಲ್ಪ ಮಲಗಿ ಎದ್ದು ಹಾಕಿಬಿಡ್ತೀನಿ ಕಣೇ" ಎಂದಿದ್ದ. ಒಂದು ಗಂಟೆಯ ನಂತರ "ಏನೂ ಕಮ್ಮಿ ಆಗ್ಲಿಲ್ಲ" ಎಂದು ಗೊಣಗಿದ್ದು ಕೇಳಿಸಿತ್ತು. ಆಮೇಲೆ ಗೊರಕೆ ಶುರುವಾಯಿತು. ಎಂದಿನ ಗೊರಕೆಯಲ್ಲ. ಗಂಟಲಲ್ಲಿ ನೀರು ನಿಂತಂಥ ಗೊರಗೊರ ಸದ್ದು. ಎಷ್ಟೋ ವಾರಗಳಿಂದ ನೋವಿಗೆ ಹೊರಳಾಡುತ್ತಿದ್ದವನು. ಅವಳಿಗೆ ಎದೆ ಹಗುರಾಯಿತು.

ಎರಡು ಗೊರಕೆಗಳ ನಡುವೆ ಮೊದಮೊದಲು ಅವಳು ಒಂದು ಉತ್ತರ ತಿದ್ದುತ್ತಿದ್ದಳು. ಆಮೇಲೆ ಎರಡು. ಆಮೇಲೆ ಮೂರು. ಕೆಲಸ ಬೇಗ ಸಾಗುತ್ತಿದೆ ಎಂದುಕೊಂಡಳು.

ಮೂರೂವರೆಗೆ ಅತ್ತೆ ಕೋಣೆಯ ಬಾಗಿಲಲ್ಲಿ ನಿಂತು, "ಎಬ್ಬಿಸಲೇನೆ? ಕಾಫಿ ಹೊತ್ತಾಯ್ತು," ಎಂದರು. "ಎಬ್ಬಿಸ್ಬೇಡಿ ಅತ್ತೆ," ಎಂದಳು ಇವಳು, ತಲೆಯೆತ್ತದೆ. "ಎಷ್ಟು ದಿನಕ್ಕೆ ನಿದ್ದೆ ಬಂದಿದೆ." ಎದ್ದು ಹೋಗಿ ಬಾಗಿಲನ್ನೂ ಮುಂದೆ ಮಾಡಿದಳು. ಸ್ವಲ್ಪ ಹೊತ್ತಿಗೆ ಗೊರಕೆ ನಿಂತಿತು. ಮಗ್ಗುಲು ಬದಲಿಸಿರಬೇಕು ಎಂದುಕೊಂಡು ಉಳಿದ ಹನ್ನೊಂದು ಪತ್ರಿಕೆಗಳನ್ನು ಮುಗಿಸಿದಳು.

*

ಆಸ್ಪತ್ರೆಯ ತುರ್ತು ವಿಭಾಗದ ಡಾಕ್ಟರು ಇವಳ ವಯಸ್ಸಿನವಳೇ. ಆ ದಿನವೇ ಹೇಳಿದ್ದಳು, ಅಫೀಮಿನ ಜಾತಿಯ ನೋವಿನ ಮಾತ್ರೆ ಅತಿಯಾಯಿತು ಎಂದು. ಕೇಳಿಸಿಕೊಳ್ಳುವ ಸ್ಥಿತಿ ಆಗ ಇರಲಿಲ್ಲ. ಇವತ್ತು ಮಾತ್ರೆಯ ಹಾಳೆ ಮೇಜಿನ ಮೇಲಿಟ್ಟು, ಕೇಳಲು ಕುಳಿತಳು.

"ಇದು ನಿಧಾನವಾಗಿ ಕರಗೋ ಮಾತ್ರೆ," ಡಾಕ್ಟರು ಹಾಳೆ ತಿರುಗಿಸಿ ನೋಡಿದಳು. "ಒಂದು ಗಂಟೆ ಕಾದಿರ್ತಾರೆ, ಕೆಲಸ ಮಾಡಿಲ್ಲ ಅಂತ ಇನ್ನೊಂದು ತಗೊಂಡಿರ್ತಾರೆ. ಅಭ್ಯಾಸ ಇಲ್ಲದ ಮೈಗೆ ಇದೇ ಹೆಚ್ಚು. ನಿದ್ದೆ ಮಾತ್ರೆ ಏನಾದ್ರೂ ಇತ್ತಾ?"

"ಅತ್ತೆಯದ್ದು ಒಂದು ತಗೊಂಡಿದ್ರು. ಬೆಳಿಗ್ಗೆ."

"ಅದೂ ಸೇರಿದ್ರೆ ಉಸಿರು ಇನ್ನೂ ಕುಗ್ಗುತ್ತೆ," ಎಂದಳು ಡಾಕ್ಟರು.

"ಹೃದಯ ಅಂತ ಎಲ್ರಿಗೂ ಹೇಳಿದೀವಿ," ಎಂದಳು ಅವಳು.

"ಹೃದಯ ಕೊನೆಗೆ ನಿಂತದ್ದು. ಮೊದಲು ಸೋತದ್ದು ಉಸಿರು. ರಕ್ತದಲ್ಲಿ ಕೆಟ್ಟ ಗಾಳಿ ತುಂಬಿದ್ರೆ ಮಿದುಳು ತಾನಾಗೇ 'ಉಸಿರೆಳಿ, ಉಸಿರೆಳಿ' ಅನ್ನುತ್ತೆ. ಈ ಮಾತ್ರೆ ಮಿದುಳಿನ ಆ ಜಾಗವನ್ನ ಕಿವುಡು ಮಾಡುತ್ತೆ. ಉಸಿರು ನಿಮಿಷಕ್ಕೆ ಹನ್ನೆರಡಾಗುತ್ತೆ, ಎಂಟಾಗುತ್ತೆ, ನಾಲ್ಕಾಗುತ್ತೆ. ಆಮ್ಲಜನಕ ಸಿಗದೆ ಹೃದಯದ ಬಡಿತ ನಿಧಾನವಾಗಿ, ತಾಳ ತಪ್ಪಿ, ನಿಲ್ಲುತ್ತೆ."

"ಗೊರಕೆ ಹೊಡೀತಿದ್ರು," ಎಂದಳು. "ಮಲಗಿದಾರೆ ಅಂದ್ಕೊಂಡೆ."

"ಅದು ಗೊರಕೆ ಅಲ್ಲ. ಗಂಟಲು ಸಡಿಲವಾಗಿ ನಾಲಿಗೆ ಹಿಂದಕ್ಕೆ ಬಿದ್ದಾಗ ಗಾಳಿ ದಾರಿ ಹುಡುಕೋ ಸದ್ದು. ಎಲ್ರೂ ಗೊರಕೆ ಅಂತಾನೇ ಅಂದ್ಕೊಳ್ತಾರೆ."

"ನಾನು ಎಲ್ರೂ ಅಲ್ಲ. ಉಸಿರಾಟದ ಪಾಠ ಮಾಡೋಳು ನಾನು."

ಡಾಕ್ಟರು ಅದಕ್ಕೆ ಸಮಾಧಾನ ಹೇಳಲು ಹೋಗಲಿಲ್ಲ. ಅವಳಿಗೆ ಅದೇ ಒಳ್ಳೆಯದೆನಿಸಿತು.

"ಆಗ ಎಬ್ಬಿಸಿದ್ರೆ ಉಳೀತಿದ್ರಾ?"

"ಉಳಿಯೋ ಸಾಧ್ಯತೆ ಇತ್ತು. ಖಂಡಿತ ಅಂತ ಹೇಳಲಾರೆ." ಸ್ವಲ್ಪ ತಡೆದು ಕೇಳಿದಳು: "ಇನ್ನೂ ಯಾರಾದ್ರೂ ಇದನ್ನ ತಗೊಳ್ತಿದಾರಾ?"

ಅವಳು ಹೌದೆಂದು ತಲೆಯಾಡಿಸಿದಳು. ಡಾಕ್ಟರು ಕಪಾಟಿನಿಂದ ಅಂಗೈಯಗಲದ ಪೆಟ್ಟಿಗೆ ತೆಗೆದಳು. ನಾಲೊಕ್ಸೋನ್. ಮೂಗಿಗೆ ಹೊಡೆಯುವ ಸ್ಪ್ರೇ, ಎರಡು. ಹೇಗೆ ಬಳಸಬೇಕೆಂದು ತೋರಿಸಿಕೊಟ್ಟಳು, ತೋರಿಸಿದ್ದನ್ನು ಇವಳಿಂದ ಮಾಡಿಸಿದಳು.

"ಮಾತ್ರೆ ಮಿದುಳಲ್ಲಿ ಕೂತಿರೋ ಜಾಗದಿಂದ ಇದು ಅದನ್ನ ತಳ್ಳುತ್ತೆ. ಉಸಿರು ವಾಪಸ್ ಬರುತ್ತೆ. ಆದ್ರೆ ಇದರ ಜೋರು ಅರ್ಧ ಗಂಟೆ, ಹೆಚ್ಚೆಂದ್ರೆ ಒಂದೂವರೆ ಗಂಟೆ. ಮಾತ್ರೆ ಅದಕ್ಕಿಂತ ಹೆಚ್ಚು ಹೊತ್ತು ಮೈಯಲ್ಲಿರುತ್ತೆ. ಎದ್ದು ಕೂತ್ರು ಅಂತ ಮನೇಲಿ ಬಿಡಬಾರದು, ಆಸ್ಪತ್ರೆಗೆ ತರಲೇಬೇಕು. ಇನ್ನೊಂದು ಮಾತು. ದಿನಾ ತಗೊಳ್ಳೋರಿಗೆ ಒಮ್ಮೆಲೇ ನಿಲ್ಲಿಸು ಅನ್ಬೇಡಿ. ನನ್ನ ಹತ್ರ ಕಳಿಸಿ. ಬೈಯಲ್ಲ ಅಂತ ಹೇಳಿ."

ನಾಲ್ಕು ಮಾತ್ರೆಗಳನ್ನು ಅಲ್ಲೇ ಬಿಟ್ಟು ಬಂದಳು.

*

ಅತ್ತೆ ಪೆಟ್ಟಿಗೆಯನ್ನೂ ರಸಮಟ್ಟವನ್ನೂ ಒಟ್ಟಿಗೆ ನೋಡಿದರು. ಅವಳು ಎಲ್ಲಿಗೆ, ಏಕೆ ಹೊರಟಿದ್ದಾಳೆಂದು ಅರ್ಥವಾಗಲು ಅಷ್ಟು ಸಾಕಾಯಿತು.

"ರಸಮಟ್ಟ ಕೊಟ್ಟು ಬಾ. ಬೇರೇನೂ ಆಡ್ಬೇಡ."

"ಅವರೂ ಅದನ್ನೇ ತಗೊಳ್ತಿದಾರೆ ಅತ್ತೆ."

"ಅವನಿಗೆ ಗಟ್ಟಿಮೈ. ಏನೂ ಆಗಲ್ಲ."

"ನಿಮ್ಮ ಮಗನಿಗೂ ಏನೂ ಆಗಲ್ಲ ಅಂತಿದ್ವಿ."

"ಊರೆಲ್ಲ ಏನಂತಾರೆ ಗೊತ್ತಾ?" ಅತ್ತೆಯ ದನಿ ಏರಿತು. "ನಶೆ ಮಾಡಿ ಸತ್ತ ಅಂತಾರೆ. ಒಂದು ದಿನ ಕುಡಿದು ಬಂದವನಲ್ಲ ನನ್ನ ಮಗ. ಮಂದಿ ಮನೆ ನೆಲದಲ್ಲಿ ಮೊಣಕಾಲು ಸವೆಸಿದವನು. ಅವನನ್ನ ಇನ್ನೊಂದು ಸಲ ಬೀದಿಗೆ ಎಳೀಬೇಡ. ಹೃದಯ ನಿಂತಿದ್ದು ಸುಳ್ಳೇನು?"

"ಸುಳ್ಳಲ್ಲ. ಕೊನೇ ಸಾಲು ಅದು. ಮೇಲಿನದನ್ನೆಲ್ಲ ಅಳಿಸಿ ಕೊನೇ ಸಾಲು ಮಾತ್ರ ಓದ್ತಿದೀವಿ."

"ಪಾಠ ನಿನ್ನ ಸ್ಕೂಲಲ್ಲಿ ಮಾಡು!" ಅತ್ತೆ ಎದ್ದು ನಿಂತರು. "ಹೇಳು, ಹೋಗಿ ಎಲ್ಲಾ ಹೇಳು. ಎಬ್ಬಿಸಲಾ ಅಂತ ನಾನು ಬಾಗಿಲಲ್ಲಿ ನಿಂತಿದ್ದೆ ಅನ್ನೋದನ್ನೂ ಹೇಳು. ಬೇಡ ಅಂದೋಳು ಯಾರು ಅನ್ನೋದನ್ನೂ ಹೇಳು. ಐದು ದಿನದಿಂದ ನಾನು ಯಾರ ಮಾನ ಕಾಯ್ತಿದೀನಿ ಅಂದ್ಕೊಂಡೆ? ಮಗನದು ಮಾತ್ರಾನಾ?"

ಮಾತು ಹೊರಗೆ ಬಿದ್ದಾದ ಮೇಲೆ ಅತ್ತೆ ತಾವೇ ಬೆದರಿದವರಂತೆ ಬಾಯಿಗೆ ಸೆರಗು ಅಡ್ಡ ಹಿಡಿದರು.

ಅವಳಿಗೆ ಇದು ಗೊತ್ತಿತ್ತು. ಈ ನುಣುಪು ಮಾತಿನ ಸೂರಿನಡಿ ತಾನೂ ಐದು ದಿನ ಬೆಚ್ಚಗೆ ಕುಳಿತಿದ್ದೆನೆಂಬುದು. ಹೃದಯ ಎಂದರೆ ಯಾರ ತಪ್ಪೂ ಅಲ್ಲ. ಗೊರಕೆ ಎಂದರೆ, ಕೇಳಿಸಿಕೊಂಡವರು ಯಾರು ಎಂಬ ಪ್ರಶ್ನೆ ಬರುತ್ತದೆ.

"ಹೇಳ್ತೀನಿ ಅತ್ತೆ," ಎಂದಳು. "ಅದನ್ನೇ ಮೊದಲು ಹೇಳ್ತೀನಿ. ಅದು ಬಿಟ್ಟು ಉಳಿದಿದ್ದು ಹೇಳಿದ್ರೆ ಮಟ್ಟದಣ್ಣನ ಮನೆ ಅತ್ತಿಗೆಗೆ ಗೊತ್ತಾಗಲ್ಲ, ಯಾವ ಸದ್ದಿಗೆ ಏಳ್ಬೇಕು ಅಂತ."

ಅವಳು ಚಪ್ಪಲಿ ಮೆಟ್ಟಿಕೊಳ್ಳುವಾಗ ಅತ್ತೆ ಒಳಗಿನಿಂದ ಹಳೆಯ ಟವೆಲ್ ತಂದು ರಸಮಟ್ಟದ ಮೇಲಿಟ್ಟರು.

"ಸುತ್ಕೊಂಡು ಹೋಗು. ಗಾಜಿದೆ ಅದರಲ್ಲಿ."

*

ಮಟ್ಟದಣ್ಣನ ಮನೆ ಎರಡು ಬೀದಿ ಆಚೆ, ಮಹಡಿಯ ಮೇಲೆ. ಬಾಗಿಲು ತೆರೆದ ಅವನ ಹೆಂಡತಿ ಇವಳನ್ನು ನೋಡಿದ್ದೇ ಕಣ್ಣು ತುಂಬಿಕೊಂಡು ಕೈಹಿಡಿದು ಒಳಗೆ ಕರೆದಳು. ಅವನು ಈಗಷ್ಟೇ ಕೆಲಸದಿಂದ ಬಂದು, ಕಾಲಿನ ಸಿಮೆಂಟು ತೊಳೆದು, ಬೆಂಚಿನ ಮೇಲೆ ಒರಗಿದ್ದ. ತಡಬಡಿಸಿ ಎದ್ದ.

"ಟೀಚರಮ್ಮ, ನೀವ್ಯಾಕೆ ಬರೋಕೆ ಹೋದ್ರಿ? ಮಟ್ಟ ಎಲ್ಲಿಗೆ ಓಡಿ ಹೋಗ್ತಿತ್ತು?"

ಟವೆಲ್ ಬಿಚ್ಚಿದವನು, ಏನು ಮಾಡಬೇಕೆಂದು ತೋಚದೆ, ಅಭ್ಯಾಸಬಲದಿಂದ ಅದನ್ನು ಬೆಂಚಿನ ಮೇಲಿಟ್ಟು ಒಂದು ಕಣ್ಣು ಮುಚ್ಚಿದ. ಆ ಕಣ್ಣು ಮತ್ತೆ ತೆರೆಯಲು ಕೊಂಚ ಹೆಚ್ಚೇ ಹೊತ್ತು ಹಿಡಿಯಿತು. ಅವಳು ಗಮನಿಸಿದಳು.

"ಅವರು ನಿಮ್ಮಿಂದ ಎರಡು ತಂದಿದ್ರು ಅಣ್ಣ," ಎಂದಳು. "ಒಂದು ಇದು. ಇನ್ನೊಂದು ವಾಪಸ್ ಕೊಡೋಕಾಗಲ್ಲ. ಆಸ್ಪತ್ರೆಗೆ ಕೊಟ್ಟುಬಿಟ್ಟೆ."

ಅವನು ಅರ್ಥವಾಗದೆ ನೋಡಿದ.

ಅವಳು ಹೇಳಿದಳು. ಉತ್ತರ ಪತ್ರಿಕೆಯಿಂದ ಶುರು ಮಾಡಿದಳು. ಗೊರಗೊರ ಸದ್ದು, ಒಂದು ಉತ್ತರ, ಎರಡು ಉತ್ತರ, ಮೂರು. ಬಾಗಿಲಲ್ಲಿ ನಿಂತ ಅತ್ತೆ. "ಎಬ್ಬಿಸ್ಬೇಡಿ ಅಂದಿದ್ದು ನಾನು." ತರಗತಿಯಲ್ಲಿ ಹೇಳುವ ದನಿಯಲ್ಲೇ ಹೇಳಿದಳು. ಬೇರೆ ದನಿ ಅವಳ ಬಳಿ ಆಗ ಇರಲಿಲ್ಲ. ಆಮೇಲೆ ಮಾತ್ರೆಯ ಮಾತಿಗೆ ಬಂದಳು.

ಮಟ್ಟದಣ್ಣನ ಕೈ ಬೆಂಚನ್ನು ಹಿಡಿದುಕೊಂಡಿತ್ತು.

"ಇಲ್ಲ, ಇಲ್ಲ. ಹೃದಯ ಅಲ್ವಾ? ಎಲ್ರೂ ಹೃದಯ ಅಂದ್ರಲ್ಲ? ನಾನು ದಿನಾ ತಗೊತೀನಿ, ಎರಡೆರಡು ತಗೊತೀನಿ, ನನಗೇನೂ..." ಮಾತು ಅಲ್ಲೇ ಮುರಿಯಿತು. "ನಮ್ಮಣ್ಣ ನೋವಿಲ್ಲದೆ ಹೋದ ಕಣಮ್ಮ ಅದರಿಂದ. ಒಳ್ಳೇದು ಅಂತ ಕೊಟ್ಟೆ. ಹುಡುಗ ಸೊಂಟ ಹಿಡ್ಕೊಂಡು ಒದ್ದಾಡ್ತಿದ್ದ. ನಾನು... ನನ್ನ ಕೈಯಾರೆ..."

"ಒಳ್ಳೇದಕ್ಕೇ ಕೊಟ್ರಿ. ನಾನೂ ಒಳ್ಳೇದಕ್ಕೇ ಬಾಗಿಲು ಮುಚ್ಚಿದೆ," ಎಂದಳು.

ಅವನು ಮುಖ ಮುಚ್ಚಿಕೊಂಡು ಅತ್ತ. ಅವನ ಹೆಂಡತಿ ಮಾತ್ರ ಅಳಲಿಲ್ಲ. ಗೋಡೆಗೊರಗಿ ನಿಂತಿದ್ದವಳು, ಏನನ್ನೋ ಲೆಕ್ಕ ಹಾಕುವವಳ ಹಾಗೆ, ಮೆಲ್ಲಗೆ ಕೇಳಿದಳು:

"ಆ ಸದ್ದು, ಹುಕ್ಕಾ ಎಳೆದ ಹಾಗೆ ಇರುತ್ತಾ? ಎಳೀತಾ ಎಳೀತಾ ಮಧ್ಯೆ ನಿಂತುಹೋಗುತ್ತಾ?"

ಇವಳು ಅವಳ ಮುಖ ನೋಡಿದಳು.

"ಹೋದ ವಾರ ಎರಡು ಸಲ," ಎಂದಳು ಅತ್ತಿಗೆ. "ತುಟಿ ನೇರಳೆ ಬಣ್ಣ ಆಗಿತ್ತು. ಚಳಿಗೆ ಅಂತ ಕಂಬಳಿ ಹೊದಿಸಿದೆ."

ಮಟ್ಟದಣ್ಣ ಮುಖದಿಂದ ಕೈ ತೆಗೆದು ಹೆಂಡತಿಯನ್ನೇ ನೋಡುತ್ತಿದ್ದ. ಆಮೇಲೆ ಎದ್ದು, ಒಳಗಿನ ಗೂಡಿನಿಂದ ಒಂದು ಸ್ಟೀಲ್ ಡಬ್ಬಿ ತಂದು ಹೆಂಡತಿಯ ಕೈಗಿಟ್ಟ. "ಇಟ್ಕೊ," ಎಂದ. "ನನಗೆ ಕೊಡ್ಬೇಡ."

"ಹಾಗೆ ಒಮ್ಮೆಲೇ ಬೇಡವಂತೆ ಅಣ್ಣ. ಬೆಳಿಗ್ಗೆ ಡಾಕ್ಟರ ಹತ್ರ ಹೋಗೋಣ. ನಾನೂ ಬರ್ತೀನಿ. ಬೈಯಲ್ಲ ಅಂದಿದಾರೆ." ಅವಳು ತನ್ನ ಚೀಲದಿಂದ ಅಂಗೈಯಗಲದ ಪೆಟ್ಟಿಗೆ ತೆಗೆದಳು. "ಅಲ್ಲೀವರೆಗೆ ಇದು ಇರ್ಲಿ. ನಿಮ್ಮ ಮಾತ್ರೆಗೆ ಬದಲು, ಅವರು ವಾಪಸ್ ಕೊಡಬೇಕಾಗಿದ್ದು."

ಅತ್ತಿಗೆ ಪೆಟ್ಟಿಗೆ ತೆಗೆದುಕೊಂಡಳು. "ತೋರ್ಸು ನನಗೆ."

ಬೆಂಚಿನ ಮೇಲೆ ಮಟ್ಟದಣ್ಣನನ್ನೇ ಅಂಗಾತ ಮಲಗಿಸಿದರು. "ಬದುಕಿದ್ದಾಗ್ಲೇ ಹೆಣ ಮಾಡ್ತೀರಲ್ಲೇ," ಎಂದ ಅವನು, ಕಣ್ಣೀರು ಒರೆಸಿಕೊಳ್ಳುತ್ತಲೇ. "ಬಾಯ್ಮುಚ್ಕೊಂಡು ಮಲ್ಕೊಳ್ಳಿ ಸಾಕು," ಎಂದಳು ಹೆಂಡತಿ.

ಮೊದಲು ಜೋರಾಗಿ ಕರೆಯಬೇಕು. ಏಳದಿದ್ದರೆ ಎದೆಯ ನಡುಮೂಳೆಯ ಮೇಲೆ ಬೆರಳ ಗೆಣ್ಣುಗಳಿಂದ ಗಟ್ಟಿಯಾಗಿ ಉಜ್ಜಬೇಕು. ಆಗಲೂ ಏಳದಿದ್ದರೆ ಆಂಬುಲೆನ್ಸಿಗೆ ಫೋನು. ತಲೆ ಹಿಂದಕ್ಕೆ ಬಾಗಿಸಿ, ಗದ್ದ ಎತ್ತಿ, ಒಂದು ಹೊಳ್ಳೆಗೆ ಸ್ಪ್ರೇ. ಉಸಿರಿಲ್ಲದಿದ್ದರೆ ಮೂಗು ಹಿಡಿದು ಬಾಯಿಗೆ ಬಾಯಿಟ್ಟು ಊದುವುದು, ಐದು ಸೆಕೆಂಡಿಗೊಂದು. ಎರಡು ಮೂರು ನಿಮಿಷದಲ್ಲಿ ಉಸಿರು ಬಾರದಿದ್ದರೆ ಎರಡನೆಯ ಸ್ಪ್ರೇ. ನಾಡಿಯೂ ಸಿಗದಿದ್ದರೆ ಎದೆ ಒತ್ತುವುದು, ಆಂಬುಲೆನ್ಸ್ ಬರುವವರೆಗೂ ಬಿಡದೆ. ಉಸಿರು ಬಂದರೆ ಮಗ್ಗುಲಾಗಿ ಮಲಗಿಸಿ ಪಕ್ಕದಲ್ಲೇ ಕೂರುವುದು. ಅತ್ತಿಗೆ ಪೆಟ್ಟಿಗೆಯನ್ನು ಬಿಚ್ಚದೆ, ಬಿಚ್ಚಿದಂತೆಯೇ ಎಲ್ಲವನ್ನೂ ಮಾಡಿದಳು. ಗೆಣ್ಣು ಉಜ್ಜಿದಾಗ ಮಟ್ಟದಣ್ಣ ಹೌಹಾರಿ ಎದ್ದು ಕೂತ.

"ಇದಕ್ಕೆಲ್ಲ ಮುಂಚೆ ಎಣಿಸ್ಬೇಕು," ಎಂದಳು ಅವಳು. "ಗೊರಕೆ ಕೇಳಿದ್ರೆ ಸಾಲದು. ಎದೆ ಏರೋದು, ಇಳಿಯೋದು, ಒಂದು. ಒಂದು ನಿಮಿಷ ಪೂರ್ತಿ. ಹತ್ತಕ್ಕಿಂತ ಕಮ್ಮಿ ಬಂದ್ರೆ ಎಬ್ಬಿಸೋದೇ. ನಿದ್ದೆ ಹಾಳಾಗುತ್ತೆ ಅಂತ ಯೋಚನೆ ಮಾಡ್ಬಾರ್ದು."

ಮಟ್ಟದಣ್ಣ ಮತ್ತೆ ಮಲಗಿದ. ಈ ಸಲ ತಮಾಷೆ ಮಾಡಲಿಲ್ಲ. ಅತ್ತಿಗೆ ಅವನ ಎದೆಯ ಮೇಲೆ ಅಂಗೈ ಇಟ್ಟಳು. ಇವಳು ಗೋಡೆಯ ಗಡಿಯಾರ ನೋಡುತ್ತ "ಹೂಂ" ಎಂದಳು. ಅತ್ತಿಗೆಯ ತುಟಿಗಳು ಅಲುಗತೊಡಗಿದವು. ಪಕ್ಕದಲ್ಲಿ ರಸಮಟ್ಟದ ಗುಳ್ಳೆ, ಬೆಂಚು ಅಲುಗಿದಾಗಲೆಲ್ಲ ಅತ್ತಿತ್ತ ಸರಿಯುತ್ತಿತ್ತು.

ಸೆಕೆಂಡಿನ ಮುಳ್ಳು ಒಂದು ಸುತ್ತು ಬಂದು ಮುಟ್ಟಿತು.

"ಹದಿನಾಲ್ಕು," ಎಂದಳು ಅತ್ತಿಗೆ, ಕೈ ತೆಗೆಯದೆ. ಇವಳ ಮುಖವನ್ನೇ ನೋಡಿ ಕೇಳಿದಳು: "ಸರಿಯಾ?"

ಅವಳೂ ಎಣಿಸಿದ್ದಳು.

"ಸರಿ," ಎಂದಳು. ಆ ಎರಡಕ್ಷರದ ಮಾತು ಹೊರಬೀಳುತ್ತಿದ್ದಂತೆ ಐದು ದಿನದಿಂದ ಬಾರದಿದ್ದ ಅಳು ಬಂತು.